ಪರರ ಮನೆ ಕಟ್ಟುವ ನಂಬಿಕೆ

2018ರ ಆಗಸ್ಟ್ ಮಧ್ಯಭಾಗದಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಸುಮಾರು ಇಪ್ಪತ್ತು ಮಂದಿ ಪ್ರಾಣ ಕಳೆದುಕೊಂಡರು. ಸಾವಿರಾರು ಮಂದಿ ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರಗಳನ್ನು ಸೇರಿದರು. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಕಾಲೂರು, ಹೆಮ್ಮೆತ್ತಾಳು ಮುಂತಾದ ಊರುಗಳ ಹೆಸರು ಆ ಒಂದು ವಾರದಲ್ಲಿ ನಾಡಿನಾದ್ಯಂತ ಪರಿಚಿತವಾದವು. ಅಕ್ಕಿ, ಬಟ್ಟೆ, ಕಂಬಳಿಗಳು ಲಾರಿಗಟ್ಟಲೆ ಹರಿದು ಬಂದವು. ಆದರೆ ಮಳೆ ನಿಂತ ಮೇಲೆ ಉಳಿದುಕೊಂಡದ್ದು ಅಕ್ಕಿ ಬಟ್ಟೆಗಳಿಂದ ಬಗೆಹರಿಯದ ಪ್ರಶ್ನೆ. ಅದು ಮನೆಯ ಪ್ರಶ್ನೆ.

ಸರ್ಕಾರ ಕರ್ಣಂಗೇರಿ, ಮದೆನಾಡು, ಜಂಬೂರು ಮೊದಲಾದ ಕಡೆ ಬಡಾವಣೆಗಳನ್ನು ನಿರ್ಮಿಸಿತು. ಒಂದೊಂದು ಮನೆಗೆ ಹತ್ತಿರ ಹತ್ತಿರ 10 ಲಕ್ಷ ರೂಪಾಯಿ ವೆಚ್ಚವಾಯಿತು. 2020ರ ಜೂನ್‌ನಲ್ಲಿ ಜಂಬೂರು ಮತ್ತು ಮದೆನಾಡಿನಲ್ಲಿ ನಾನೂರಕ್ಕೂ ಹೆಚ್ಚು ಕುಟುಂಬಗಳಿಗೆ ಮನೆಗಳನ್ನು ಹಸ್ತಾಂತರಿಸಲಾಯಿತು. ಇನ್ಫೊಸಿಸ್ ಪ್ರತಿಷ್ಠಾನದಂತಹ ಸಂಸ್ಥೆಗಳೂ ಕೈಜೋಡಿಸಿದವು. ಇವುಗಳ ನಡುವೆ ಹೆಚ್ಚು ಸದ್ದು ಮಾಡದೆ ನಡೆದ ಇನ್ನೊಂದು ಪ್ರಯತ್ನವೂ ಇತ್ತು. ರೋಟರಿ ಜಿಲ್ಲೆ 3181 ‘ರೀಬಿಲ್ಡ್ ಕೊಡಗು’ ಎಂಬ ಹೆಸರಿನಲ್ಲಿ, ‘ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ’ ಎಂಬ ಸಂಸ್ಥೆಯ ಸಹಯೋಗದೊಂದಿಗೆ, ನಿರಾಶ್ರಿತರಿಗೆ ಮನೆಗಳನ್ನು ಕಟ್ಟಿಕೊಟ್ಟಿತು. ರೋಟರಿಯನ್ನು ಎಲ್ಲರೂ ಬಲ್ಲರು. ಎರಡನೆಯ ಹೆಸರನ್ನು ಕೇಳಿದವರು ಅದನ್ನು ಯಾವುದೋ ವಿದೇಶಿ ನಿರ್ಮಾಣ ಸಂಸ್ಥೆ ಎಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಅದು ಅಮೆರಿಕದ ಒಂದು ಸಣ್ಣ ಕೃಷಿಕ್ಷೇತ್ರದಲ್ಲಿ, ಕ್ರೈಸ್ತ ಸುವಾರ್ತೆಯನ್ನು ಅಕ್ಷರಶಃ ಬಾಳಲು ಹೊರಟ ಕೆಲವರ ಹಟದಿಂದ ಹುಟ್ಟಿದ ಚಳವಳಿ.

ಕೊಡಗಿನಲ್ಲಿ ಹುಟ್ಟಿ, ಸೇವಾವಧಿಯ ಬಹುಭಾಗವನ್ನು ಕಂದಾಯ ಮತ್ತು ಗ್ರಾಮೀಣಾಭಿವೃದ್ಧಿಯ ಕಡತಗಳ ನಡುವೆ ಕಳೆದ ನನಗೆ ಈ ಚಳವಳಿಯ ಬಗ್ಗೆ ಕುತೂಹಲ ಮೂಡಲು ಕಾರಣ ಧರ್ಮವಲ್ಲ, ನಾನು ಕ್ರೈಸ್ತನಲ್ಲ. ಸಂಬಳವಿಲ್ಲದೆ, ರಜೆ ಹಾಕಿ, ಅಪರಿಚಿತರ ಮನೆಗಾಗಿ ಬಾಂಡ್ಲಿಯಲ್ಲಿ ಗಾರೆ ಹೊರುವವರು ಜಗತ್ತಿನಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ಅವರಲ್ಲಿ ಅನೇಕರಿಗೆ ತಮ್ಮ ನಂಬಿಕೆ ನಿಜವೆನಿಸುವುದು ಚರ್ಚಿನ ಬೆಂಚಿನ ಮೇಲಲ್ಲ, ಅರ್ಧ ಎದ್ದ ಗೋಡೆಯ ಪಕ್ಕದಲ್ಲಿ. ಈ ಮಾತಿನ ಅರ್ಥವೇನು, ಅದರಿಂದ ಕೊಡಗಿನಂತಹ ಜಿಲ್ಲೆ ಕಲಿಯಬಹುದಾದದ್ದು ಏನಾದರೂ ಇದೆಯೇ ಎಂಬುದೇ ಇಲ್ಲಿನ ಪ್ರಶ್ನೆ.

ಜಾರ್ಜಿಯಾ ರಾಜ್ಯದ ಸಮ್ಟರ್ ಕೌಂಟಿಯಲ್ಲಿ 1942ರಲ್ಲಿ ಕ್ಲಾರೆನ್ಸ್ ಜಾರ್ಡನ್ ಎಂಬ ಕೃಷಿ ಪದವೀಧರ ‘ಕೊಯಿನೋನಿಯಾ’ ಎಂಬ ಕೃಷಿಕ್ಷೇತ್ರವನ್ನು ಆರಂಭಿಸಿದ. ಆತ ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯ ವಿದ್ವಾಂಸನೂ ಆಗಿದ್ದ. ಕೊಯಿನೋನಿಯಾ ಎಂಬುದು ಸಹಭಾಗಿತ್ವ, ಒಡನಾಟ ಎಂಬ ಅರ್ಥದ ಗ್ರೀಕ್ ಪದ. ಕರಿಯರೂ ಬಿಳಿಯರೂ ಅಲ್ಲಿ ಒಂದೇ ಮೇಜಿನಲ್ಲಿ ಕುಳಿತು ಉಣ್ಣುತ್ತಿದ್ದರು, ಸಮಾನ ಕೂಲಿ ಪಡೆಯುತ್ತಿದ್ದರು. ವರ್ಣಭೇದವೇ ಕಾನೂನಾಗಿದ್ದ ದಕ್ಷಿಣ ಅಮೆರಿಕನ್ ರಾಜ್ಯವೊಂದರಲ್ಲಿ ಇದನ್ನು ಸಹಿಸುವವರಿರಲಿಲ್ಲ. 1950ರಲ್ಲಿ ನೆರೆಯ ಚರ್ಚೇ ಅವರನ್ನು ಸದಸ್ಯತ್ವದಿಂದ ಹೊರಹಾಕಿತು. ಆ ದಶಕದ ಉತ್ತರಾರ್ಧದಲ್ಲಿ ಅಂಗಡಿಗಳವರು ಅವರೊಂದಿಗೆ ವ್ಯಾಪಾರ ನಿಲ್ಲಿಸಿದರು. ರಾತ್ರಿ ವೇಳೆ ಗುಂಡು ಹಾರಿಸಲಾಯಿತು. ರಸ್ತೆ ಬದಿಯ ಅವರ ಮಳಿಗೆ ಬಾಂಬಿಗೆ ಆಹುತಿಯಾಯಿತು. ಜಾರ್ಡನ್ ಜಗ್ಗಲಿಲ್ಲ.

1960ರ ದಶಕದಲ್ಲಿ ಅಲ್ಲಿಗೆ ಬಂದವನು ಮಿಲ್ಲರ್ಡ್ ಫುಲ್ಲರ್. ವಕೀಲನಾಗಿ, ವ್ಯಾಪಾರಿಯಾಗಿ ಮೂವತ್ತರೊಳಗೇ ಲಕ್ಷಾಧೀಶನಾದ ಆತನ ದಾಂಪತ್ಯ ಆ ಹಣದ ಓಟದಲ್ಲೇ ಮುರಿಯುವ ಹಂತ ತಲುಪಿತ್ತು. ಪತ್ನಿ ಲಿಂಡಾಳೊಂದಿಗೆ ಮತ್ತೆ ಒಂದಾಗಬೇಕಾದರೆ ಆಸ್ತಿಯನ್ನೆಲ್ಲ ಹಂಚಿಬಿಡಬೇಕೆಂದು ಇಬ್ಬರೂ ನಿರ್ಧರಿಸಿದರು. 1968ರ ಹೊತ್ತಿಗೆ ಜಾರ್ಡನ್ ಮತ್ತು ಫುಲ್ಲರ್ ಸೇರಿ ಒಂದು ಯೋಜನೆ ರೂಪಿಸಿದರು. ಸುತ್ತಲಿನ ಬಡ ಕರಿಯರ ಕುಟುಂಬಗಳು ನೀರು ಸೋರುವ, ಗಾಳಿ ನುಗ್ಗುವ ಗುಡಿಸಲುಗಳಲ್ಲಿ ವಾಸಿಸುತ್ತಿದ್ದವು. ಅವರಿಗೆ ಲಾಭವಿಲ್ಲದೆ, ಬಡ್ಡಿಯಿಲ್ಲದೆ ಮನೆ ಕಟ್ಟಿಕೊಡುವುದು; ಅವರು ತೀರಿಸುವ ಕಂತುಗಳನ್ನು ಒಂದು ನಿಧಿಗೆ ಸೇರಿಸಿ ಅದರಿಂದ ಮುಂದಿನವರ ಮನೆ ಕಟ್ಟುವುದು; ಮನೆ ಪಡೆಯುವ ಕುಟುಂಬವೂ ಕಟ್ಟುವ ಕೆಲಸದಲ್ಲಿ ಬೆವರು ಸುರಿಸುವುದು. ಜಾರ್ಡನ್ 1969ರಲ್ಲಿ ತೀರಿಕೊಂಡ. ಫುಲ್ಲರ್ ದಂಪತಿ ಅದೇ ಪ್ರಯೋಗವನ್ನು ಆಫ್ರಿಕಾದ ಅಂದಿನ ಝೈರ್‌ನಲ್ಲಿ ಮೂರು ವರ್ಷ ನಡೆಸಿ, ಹಿಂದಿರುಗಿ, 1976ರಲ್ಲಿ ‘ಹ್ಯಾಬಿಟಾಟ್’ ಅನ್ನು ಸ್ಥಾಪಿಸಿದರು. 1983ರಲ್ಲಿ ಅದು ಭಾರತಕ್ಕೂ ಬಂತು.

ಬಡವನಿಂದ ಬಡ್ಡಿ ಪಡೆಯಬಾರದೆಂಬ ವಿಧಿ ಬೈಬಲಿನ ವಿಮೋಚನಕಾಂಡದಲ್ಲಿದೆ. ಶತಮಾನಗಳ ಕಾಲ ಅದನ್ನು ಓದಿದವರು ಬಹಳ, ಗೃಹಸಾಲದ ಪತ್ರಕ್ಕೆ ಅಳವಡಿಸಿದವರು ವಿರಳ. ಫುಲ್ಲರ್ ಮಾಡಿದ್ದು ಅಷ್ಟೇ. ಅದರ ಪರಿಣಾಮವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಲಕ್ಷ ರೂಪಾಯಿಯನ್ನು ಶೇ 12ರ ಬಡ್ಡಿಗೆ ಹತ್ತು ವರ್ಷದ ಅವಧಿಗೆ ಪಡೆದರೆ ತಿಂಗಳ ಕಂತು ಸುಮಾರು 1,435 ರೂಪಾಯಿ. ಒಟ್ಟು ತೀರಿಸಬೇಕಾದದ್ದು 1 ಲಕ್ಷದ 72 ಸಾವಿರ. ಬಡ್ಡಿ ಇಲ್ಲದಿದ್ದರೆ ಕಂತು 833 ರೂಪಾಯಿ. ಈ ಆರುನೂರು ರೂಪಾಯಿಯ ಅಂತರ ನಮ್ಮಂಥವರಿಗೆ ಒಂದು ಹೊತ್ತಿನ ಹೋಟೆಲ್ ಬಿಲ್ಲು. ತೋಟದ ಕೂಲಿಯ ಕುಟುಂಬವೊಂದಕ್ಕೆ ಅದು ಸಾಲ ತೀರುವುದಕ್ಕೂ ಮನೆ ಕಳೆದುಕೊಳ್ಳುವುದಕ್ಕೂ ನಡುವಿನ ಅಂತರ. ಅರ್ಥಶಾಸ್ತ್ರದ ವಿದ್ಯಾರ್ಥಿ ಇಲ್ಲಿ ಒಂದು ಆಕ್ಷೇಪ ಎತ್ತದೆ ಇರಲಾರ: ಹಣದುಬ್ಬರದ ಕಾಲದಲ್ಲಿ ಬಡ್ಡಿರಹಿತ ನಿಧಿ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಹತ್ತು ಮನೆಗಳ ಕಂತಿನಿಂದ ಮತ್ತೆ ಹತ್ತು ಮನೆಗಳು ಏಳುವುದಿಲ್ಲ, ಬಹುಶಃ ಐದಾರು ಎದ್ದಾವು. ಉಳಿದದ್ದನ್ನು ಹೊಸ ದಾನದಿಂದ ತುಂಬಬೇಕು. ಆಕ್ಷೇಪ ಸರಿಯಾದದ್ದೇ. ಆದರೆ ಅನುದಾನದಲ್ಲಿ ಕಟ್ಟಿದ ಹತ್ತು ಮನೆಗಳಿಂದ ಮುಂದೆ ಒಂದು ಮನೆಯೂ ಏಳುವುದಿಲ್ಲ ಎಂಬುದನ್ನೂ ಮರೆಯಬಾರದು.

ಮಲೆನಾಡಿಗರಿಗೆ ಇದನ್ನು ಅರ್ಥ ಮಾಡಿಸಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ನಮ್ಮಲ್ಲಿ ‘ಮುಯ್ಯಾಳು’ ಎಂಬ ಪದ್ಧತಿ ಇತ್ತು. ಕೆಲವೆಡೆ ಇಂದಿಗೂ ಇದೆ. ನಾಟಿಯ ದಿನ, ಮಾಡು ಹೊದಿಸುವ ದಿನ ಊರವರು ಬಂದು ದುಡಿಯುತ್ತಾರೆ. ನಾಳೆ ಅವರ ಮನೆಯ ಕೆಲಸಕ್ಕೆ ನಾವು ಹೋಗುತ್ತೇವೆ. ಕೂಲಿ ಇಲ್ಲ, ಲೆಕ್ಕದ ಪುಸ್ತಕವಿಲ್ಲ, ಆದರೆ ಋಣ ಉಂಟು. ಮುಯ್ಯಿ ತೀರಿಸದವನಿಗೆ ಊರಲ್ಲಿ ಮರ್ಯಾದೆ ಇಲ್ಲ. ಫುಲ್ಲರನ ಯೋಜನೆ ಈ ಮುಯ್ಯಾಳಿನ ಇನ್ನೊಂದು ರೂಪ. ಒಂದೇ ಒಂದು ವ್ಯತ್ಯಾಸವಿದೆ, ಮತ್ತು ಆ ವ್ಯತ್ಯಾಸದಲ್ಲೇ ಎಲ್ಲವೂ ಅಡಗಿದೆ. ಮುಯ್ಯಾಳಿನಲ್ಲಿ ಋಣವನ್ನು ಕೊಟ್ಟವನಿಗೇ ಹಿಂದಿರುಗಿಸಬೇಕು. ಹಾಗಾಗಿ ಅದು ಸಮಾನರ ನಡುವೆ, ಒಂದೇ ಊರಿನ, ಬಹಳ ಸಲ ಒಂದೇ ಜಾತಿಯ ಜನರ ನಡುವೆ ಮಾತ್ರ ನಡೆಯುತ್ತದೆ. ಗದ್ದೆಯೇ ಇಲ್ಲದ ಯರವರ ಕುಟುಂಬಕ್ಕೆ ಯಾರು ಮುಯ್ಯಾಳು ಹೋಗುತ್ತಾರೆ? ಇಲ್ಲಿ ಹಾಗಲ್ಲ. ಇಲ್ಲಿ ಋಣವನ್ನು ತೀರಿಸಬೇಕಾದದ್ದು ಹಿಂದಿನವನಿಗಲ್ಲ, ಮುಂದಿನವನಿಗೆ. ತನಗಾಗಿ ಬೆವರಿಸಿದವನ ಹೆಸರೂ ಗೊತ್ತಿಲ್ಲದ ಕುಟುಂಬ, ತಾನು ಎಂದೂ ಕಾಣದ ಇನ್ನೊಂದು ಕುಟುಂಬದ ಮನೆಗಾಗಿ ಕಂತು ಕಟ್ಟುತ್ತದೆ.

ಕ್ರೈಸ್ತರು ‘ಕೃಪೆ’ ಎಂದು ಕರೆಯುವ ಪರಿಕಲ್ಪನೆಯ ತಿರುಳು ಇದೇ ಎಂದು ನನಗೆ ತೋರುತ್ತದೆ. ಪಡೆದದ್ದನ್ನು ಕೊಟ್ಟವನಿಗೆ ತೀರಿಸಲು ಸಾಧ್ಯವಿಲ್ಲ. ಆದ್ದರಿಂದ ಅದನ್ನು ನೆರೆಯವನಿಗೆ ತೀರಿಸು. ಕರಣೆ ಹಿಡಿದವನಿಗೆ ಇದನ್ನು ಯಾರೂ ಉಪದೇಶಿಸಬೇಕಾಗಿಲ್ಲ. ಯೇಸುವಿನ ಕಸುಬನ್ನು ಸೂಚಿಸಲು ಸುವಾರ್ತೆಗಳು ಬಳಸುವ ಗ್ರೀಕ್ ಪದವನ್ನು ನಾವು ‘ಬಡಗಿ’ ಎಂದು ಕನ್ನಡಿಸಿದ್ದೇವೆ. ಆ ಪದಕ್ಕೆ ಮನೆ ಕಟ್ಟುವವನು ಎಂಬ ಅರ್ಥವೂ ಇದೆ. ಬಂಡೆಯ ಮೇಲೆ ಮನೆ ಕಟ್ಟಿದ ವಿವೇಕಿ ಮತ್ತು ಮರಳಿನ ಮೇಲೆ ಕಟ್ಟಿದ ಮೂರ್ಖನ ದೃಷ್ಟಾಂತವನ್ನು ಹೇಳಿದವನಿಗೆ ತಳಪಾಯದ ಕಷ್ಟ ಗೊತ್ತಿದ್ದಿರಬೇಕು. ಕ್ರಿಯೆಯಿಲ್ಲದ ನಂಬಿಕೆ ಸತ್ತಂತೆ ಎಂಬುದು ಯಾಕೋಬನ ಪತ್ರದ ವಾದ. ಬಟ್ಟೆಯಿಲ್ಲದವನಿಗೆ, ಹಸಿದವನಿಗೆ ಬರಿಯ ಶುಭಾಶಯ ಹೇಳಿ ಕಳುಹಿಸುವವರನ್ನು ಆ ಪತ್ರ ನೇರವಾಗಿ ಪ್ರಶ್ನಿಸುತ್ತದೆ. ಫುಲ್ಲರ್ ತನ್ನ ವಿಚಾರವನ್ನು ‘ಸುತ್ತಿಗೆಯ ದೈವಶಾಸ್ತ್ರ’ ಎಂದು ಕರೆದ. ಅದರ ತಾತ್ಪರ್ಯ ಸರಳ: ದೀಕ್ಷಾಸ್ನಾನ, ಪ್ರಭುಭೋಜನಗಳ ಬಗ್ಗೆ ಪಂಗಡ ಪಂಗಡಗಳು ಕಾದಾಡಬಹುದು, ಮೊಳೆ ಹೊಡೆಯುವ ವಿಷಯದಲ್ಲಿ ಭಿನ್ನಮತವಿಲ್ಲ.

ಈ ನಂಬಿಕೆಯ ಅತ್ಯಂತ ಪ್ರಸಿದ್ಧ ಸ್ವಯಂಸೇವಕ ಅದೇ ಸಮ್ಟರ್ ಕೌಂಟಿಯ ನಿವಾಸಿ, ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್. 1984ರಲ್ಲಿ ನ್ಯೂಯಾರ್ಕಿನ ಪಾಳುಬಿದ್ದ ಆರಂತಸ್ತಿನ ಕಟ್ಟಡವೊಂದನ್ನು ದುರಸ್ತಿ ಮಾಡಲು ಬಸ್ಸಿನಲ್ಲಿ ಹೋದ ಅವರು, ಅಲ್ಲಿಂದ ಮುಂದೆ ಮೂರು ದಶಕಕ್ಕೂ ಹೆಚ್ಚು ಕಾಲ ಪತ್ನಿ ರೋಸಲಿನ್ ಜೊತೆ ವರ್ಷಕ್ಕೊಂದು ವಾರ ಮನೆ ಕಟ್ಟುವ ಕೆಲಸಕ್ಕೆ ಮೀಸಲಿಟ್ಟರು. 2006ರಲ್ಲಿ, 82ನೇ ವಯಸ್ಸಿನಲ್ಲಿ, ಮಹಾರಾಷ್ಟ್ರದ ಲೋನಾವಳಾ ಬಳಿಯ ಮಳವಲಿಗೆ ಬಂದು ನೂರು ಮನೆಗಳ ನಿರ್ಮಾಣದಲ್ಲಿ ದುಡಿದರು. ಊರಿನ ಚರ್ಚಿನಲ್ಲಿ ಭಾನುವಾರ ಬೈಬಲ್ ಪಾಠ ಹೇಳುತ್ತಿದ್ದ ಅವರು ಈ ಕೆಲಸವನ್ನು ತಮ್ಮ ನಂಬಿಕೆಯ ಆಚರಣೆ ಎಂದೇ ಪರಿಗಣಿಸಿದ್ದರು. 2024ರ ಡಿಸೆಂಬರ್‌ನಲ್ಲಿ ನೂರು ವರ್ಷ ತುಂಬಿದ್ದ ಅವರು ನಿಧನರಾದಾಗ, ಜಗತ್ತು ನೆನೆದದ್ದು ಶ್ವೇತಭವನದ ನಾಲ್ಕು ವರ್ಷಗಳನ್ನು ಮಾತ್ರವಲ್ಲ, ಸುತ್ತಿಗೆ ಹಿಡಿದ ಮುದುಕನನ್ನೂ.

ನಮ್ಮ ನೆರೆಯಲ್ಲೇ ಇನ್ನೊಂದು ಉದಾಹರಣೆ ಇದೆ. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಲಾರಿ ಬೇಕರ್ ಕ್ವೇಕರ್ ಪಂಥದ ಕ್ರೈಸ್ತರು. ಪುರೋಹಿತರಿಲ್ಲದ, ಮೌನವೇ ಪ್ರಾರ್ಥನೆಯಾದ, ಆಡಂಬರವನ್ನು ಪಾಪವೆಂದೇ ಬಗೆಯುವ ಪಂಥ ಅದು. ಯುದ್ಧಕಾಲದಲ್ಲಿ ಚೀನಾದಲ್ಲಿ ಸೇವೆ ಸಲ್ಲಿಸಿ ಹಿಂದಿರುಗುವಾಗ ಮುಂಬೈಯಲ್ಲಿ ಗಾಂಧೀಜಿಯನ್ನು ಕಂಡ ಅವರು 1945ರಲ್ಲಿ ಕುಷ್ಠರೋಗಿಗಳ ಸೇವಾಸಂಸ್ಥೆಯ ಕಟ್ಟಡಗಳಿಗಾಗಿ ಭಾರತಕ್ಕೆ ಬಂದವರು, ಇಲ್ಲಿಯೇ ಉಳಿದರು. ಮನೆಗೆ ಬೇಕಾದ ಸಾಮಗ್ರಿ ಐದು ಮೈಲಿಯೊಳಗೇ ಸಿಗಬೇಕೆಂಬ ಗಾಂಧೀಜಿಯ ಆಶಯ ಅವರ ಜೀವನಸೂತ್ರವಾಯಿತು. ಗಿಲಾವು ಇಲ್ಲದ ಇಟ್ಟಿಗೆ ಗೋಡೆ, ನಡುವೆ ಪೊಳ್ಳು ಬಿಟ್ಟು ಇಟ್ಟಿಗೆ ಉಳಿಸುವ ಕಟ್ಟು, ಹಳೆಯ ಹೆಂಚನ್ನೇ ತುಂಬಿ ಕಾಂಕ್ರೀಟ್ ಮಿಗಿಸುವ ತಾರಸಿ ಇವೆಲ್ಲ ಅವರ ಮೂಲಕ ಜನಪ್ರಿಯವಾದವು. ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಬಲ್ಲ ತಿರುವನಂತಪುರದ ಸಿಡಿಎಸ್ ಆವರಣ ಅವರದೇ ಸೃಷ್ಟಿ. ಅದೇ ಕೈಗಳು ಮೀನುಗಾರರಿಗೂ ಕಡುಬಡವರಿಗೂ ಮನೆ ಕಟ್ಟಿದವು. 2007ರಲ್ಲಿ ತೀರಿಕೊಳ್ಳುವವರೆಗೆ ಅವರು ಯಾರಿಗೂ ಮತಬೋಧೆ ಮಾಡಿದ್ದಕ್ಕೆ ಹೆಸರಾಗಲಿಲ್ಲ. ಒಂದು ಇಟ್ಟಿಗೆಯನ್ನೂ ವ್ಯರ್ಥ ಮಾಡದಿರುವುದೇ ಅವರ ಧರ್ಮಬೋಧೆಯಾಗಿತ್ತು.

ಇಷ್ಟು ಹೇಳಿದ ಮೇಲೆ, ಓದುಗರಲ್ಲಿ ಹಲವರ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ಬದಿಗೆ ಸರಿಸುವುದು ಪ್ರಾಮಾಣಿಕವಾಗದು. ಮನೆಯ ಹಿಂದೆ ಮತಾಂತರ ಬರುವುದಿಲ್ಲವೇ? ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ಕುರಿತ ಕಾಯ್ದೆ ಜಾರಿಗೆ ಬಂದ ಸಂದರ್ಭದ ವಾದವಿವಾದ ಎಲ್ಲರಿಗೂ ನೆನಪಿದೆ. ಈ ಅನುಮಾನವನ್ನು ಕೊಡಗಿನ ಇತಿಹಾಸದ ಬೆಳಕಿನಲ್ಲಿ ನೋಡುವುದು ಒಳ್ಳೆಯದು, ಏಕೆಂದರೆ ಆ ಇತಿಹಾಸ ಎರಡೂ ಕಡೆಯವರಿಗೆ ಪಾಠ ಹೇಳುತ್ತದೆ.

ಮೊದಲನೆಯದಾಗಿ, ಕೊಡಗಿನಲ್ಲಿ ಕ್ರೈಸ್ತರು ಮನೆ ಕೊಟ್ಟವರಾಗಿ ಅಲ್ಲ, ಪಡೆದವರಾಗಿ ನೆಲೆಸಿದರು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕರಾವಳಿಯ ಕೊಂಕಣಿ ಕ್ಯಾಥೊಲಿಕರಿಗೆ ಹಾಲೇರಿ ವಂಶದ ದೊಡ್ಡವೀರರಾಜೇಂದ್ರ ತಾನು ಹೊಸದಾಗಿ ಕಟ್ಟಿದ ವೀರರಾಜಪೇಟೆಯಲ್ಲಿ ಆಶ್ರಯ ನೀಡಿದ. ಅಲ್ಲಿನ ಸಂತ ಅನ್ನಮ್ಮ ಚರ್ಚಿನ ಮೂಲ 1792ಕ್ಕೆ ಹೋಗುತ್ತದೆ. ಲಿಂಗಾಯತ ದೊರೆ ನಿರಾಶ್ರಿತ ಕ್ರೈಸ್ತರಿಗೆ ನೆಲ ಕೊಟ್ಟಾಗ ಅವರು ತಮ್ಮ ಮತ ಬಿಡಬೇಕೆಂಬ ಷರತ್ತು ಹಾಕಲಿಲ್ಲ.

ಎರಡನೆಯದು ಆನಂದಪುರದ ಕಥೆ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದರು. ಜೀತದ ಬಾಳು ಬಾಳುತ್ತಿದ್ದ ದಲಿತ ಕುಟುಂಬಗಳು ಕ್ರೈಸ್ತಮತ ಸೇರಿದಾಗ ಅವರಿಗೊಂದು ನೆಲೆ ಬೇಕಾಯಿತು. ಹಾಗೆ ಹುಟ್ಟಿದ್ದು ಆನಂದಪುರ. ಒಡೆಯನ ಜಮೀನಿನ ಅಂಚಿನಲ್ಲಿ, ಒಡೆಯನ ಮರ್ಜಿಯಲ್ಲಿ ಬದುಕಿದವರಿಗೆ ಸ್ವಂತದ್ದೆನ್ನಬಹುದಾದ ಊರು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಅಲ್ಲಿ ಮನೆ ಮತ್ತು ಮತ ಒಂದಕ್ಕೊಂದು ಹೆಣೆದುಕೊಂಡಿದ್ದವು ಎಂಬುದೂ ನಿಜ. ಮೋಗ್ಲಿಂಗರ ಕರುಣೆಯನ್ನು ಅನುಮಾನಿಸದೆಯೂ ಆ ಮಾದರಿ ಇಂದು ಒಪ್ಪತಕ್ಕದ್ದಲ್ಲ ಎಂದು ಹೇಳಬಹುದು.

ಮೂರನೆಯದು ಎಲ್ಲರ ತಲೆಯ ಮೇಲೆಯೇ ಇದ್ದು ಯಾರೂ ಗಮನಿಸದ ವಸ್ತು: ಮಂಗಳೂರು ಹೆಂಚು. ಅದೇ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಮತ ಬದಲಿಸಿ ಕುಲಕಸುಬು ಕಳೆದುಕೊಂಡವರಿಗೆ ಉದ್ಯೋಗ ಕೊಡುವುದು ಉದ್ದೇಶವಾಗಿತ್ತು. ಆದರೆ ಹೆಂಚಿಗೆ ಮತವಿಲ್ಲ. ಅದು ಐನ್‌ಮನೆಗಳ ಮೇಲೂ, ದೇವಸ್ಥಾನಗಳ ಮೇಲೂ, ಮಸೀದಿಗಳ ಮೇಲೂ, ಶಾಲೆಗಳ ಮೇಲೂ ಏರಿತು; ಮಳೆಗಾಲಕ್ಕೊಮ್ಮೆ ಹುಲ್ಲು ಹೊದಿಸುವ, ಒಂದು ಕಿಡಿಗೆ ಊರೇ ಸುಡುವ ಭಯದಿಂದ ಮಲೆನಾಡನ್ನು ಪಾರು ಮಾಡಿತು. ಮಿಷನರಿಗಳ ಉಪದೇಶಕ್ಕಿಂತ ಅವರ ಹೆಂಚು ಹೆಚ್ಚು ಮಂದಿಯನ್ನು ತಲುಪಿತು.

ಈ ಮೂರು ಪ್ರಸಂಗಗಳಿಂದ ಒಂದು ನಿಯಮವನ್ನು ತೆಗೆಯಬಹುದು. ನಂಬಿಕೆ ಕಟ್ಟುವವನದಾಗಿರಲಿ, ಮನೆ ವಾಸಿಸುವವನದಾಗಿರಲಿ. ಆಯ್ಕೆಯ ಮಾನದಂಡ ಅಗತ್ಯ ಮಾತ್ರವಾಗಿರಬೇಕು. ಪಟ್ಟಿ ಗ್ರಾಮಸಭೆಯಲ್ಲಿ ಬಹಿರಂಗವಾಗಿ ತಯಾರಾಗಬೇಕು. ಬೀಗದ ಕೈ ಕೊಡುವ ದಿನ ಯಾವ ದೇವರ ಪಟ ತೂಗುಹಾಕಬೇಕೆಂಬುದನ್ನು ಆ ಮನೆಯವರೇ ತೀರ್ಮಾನಿಸಬೇಕು. ಹ್ಯಾಬಿಟಾಟ್ ತನ್ನನ್ನು ಕ್ರೈಸ್ತ ಸಂಸ್ಥೆಯೆಂದು ಮುಚ್ಚಿಡುವುದಿಲ್ಲ. ಮನೆ ಕೊಡುವಾಗ ಮತ ನೋಡುವುದಿಲ್ಲ ಎಂಬುದೂ ಅದರ ಘೋಷಿತ ನೀತಿ. ಈ ಎರಡೂ ಒಟ್ಟಿಗೆ ಇರಬಲ್ಲವು. ಇರಬಲ್ಲವು ಎಂದು ಒಪ್ಪದ ಸಮಾಜ ಕೊನೆಗೆ ಸೇವೆಯನ್ನೇ ಅಪರಾಧವಾಗಿಸುತ್ತದೆ. ಇರಬೇಕು ಎಂದು ಪಾಲಿಸದ ಸಂಸ್ಥೆ ಸೇವೆಯನ್ನು ವ್ಯಾಪಾರವಾಗಿಸುತ್ತದೆ.

ಇನ್ನೊಂದು ಆಕ್ಷೇಪ ಅರ್ಥಶಾಸ್ತ್ರದ್ದು. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಮಡಿಕೇರಿಗೆ ಬಂದು ಇಡೀ ದಿನ ಇಟ್ಟಿಗೆ ಹೊರುವ ಬದಲು ತನ್ನ ಒಂದು ದಿನದ ಸಂಬಳ ಕೊಟ್ಟರೆ, ಆ ಹಣದಲ್ಲಿ ನಾಲ್ಕಾರು ನುರಿತ ಆಳುಗಳು ದುಡಿಯಬಹುದು, ಗೋಡೆಯೂ ನೆಟ್ಟಗೆ ನಿಲ್ಲಬಹುದು. ಶ್ರಮವಿಭಜನೆಯ ಪಾಠ ಓದಿದವರು ಇದನ್ನು ಅಲ್ಲಗಳೆಯಲಾರರು. ಸ್ವಯಂಸೇವಕ ಕಟ್ಟಿದ ಗೋಡೆಯನ್ನು ಮೇಸ್ತ್ರಿ ತೂಕದ ಗುಂಡು ಇಳಿಬಿಟ್ಟು ನೋಡಿ ಮತ್ತೆ ಸರಿಪಡಿಸಬೇಕಾಗುವುದೂ ಉಂಟು. ಸಂಖ್ಯೆಯ ದೃಷ್ಟಿಯಿಂದಲೂ ಸ್ವಯಂಸೇವೆ ಸರ್ಕಾರಕ್ಕೆ ಬದಲಿಯಾಗದು. 1985ರ ಇಂದಿರಾ ಆವಾಸ್, ನಮ್ಮ ರಾಜ್ಯದ ಆಶ್ರಯ, 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, 2016ರ ಪ್ರಧಾನಮಂತ್ರಿ ಆವಾಸ್ ಯೋಜನೆ ಇವು ಮುಟ್ಟಿದ ಕುಟುಂಬಗಳ ಪ್ರಮಾಣವನ್ನು ಯಾವ ಚರ್ಚೂ, ಯಾವ ಮಠವೂ ಮುಟ್ಟಲಾರದು.

ಆದರೂ ಸರ್ಕಾರಿ ಯೋಜನೆಗಳನ್ನು ಒಳಗಿನಿಂದ ಕಂಡವನಾಗಿ ಒಂದು ಮಾತು ಹೇಳಬೇಕು. ನಮ್ಮ ಕಡತಗಳಲ್ಲಿ ಮನೆ ಪಡೆಯುವವನಿಗೆ ಇರುವ ಹೆಸರು ‘ಫಲಾನುಭವಿ’. ಫಲವನ್ನು ಅನುಭವಿಸುವವನು, ಬಿತ್ತುವುದರಲ್ಲಿ, ನೀರೆರೆಯುವುದರಲ್ಲಿ ಅವನಿಗೆ ಪಾಲಿಲ್ಲ ಎಂಬ ಧ್ವನಿ ಆ ಪದದಲ್ಲೇ ಇದೆ. ತಳಪಾಯಕ್ಕೊಂದು ಕಂತು, ಲಿಂಟಲ್ ಮಟ್ಟಕ್ಕೊಂದು, ಛಾವಣಿಗೊಂದು, ಪೂರ್ಣಗೊಂಡ ಮೇಲೊಂದು. ಪ್ರತಿ ಹಂತಕ್ಕೂ ಒಂದು ಫೋಟೊ, ಒಂದು ಸಹಿ, ಒಂದು ಅಲೆದಾಟ. ಗುತ್ತಿಗೆದಾರರಿಗೆ ಅವಕಾಶವಿಲ್ಲ, ಕುಟುಂಬವೇ ತನ್ನ ಮನೆ ಕಟ್ಟಿಕೊಳ್ಳಬೇಕು ಎಂಬ ಒಳ್ಳೆಯ ನಿಯಮ ಇಂದಿರಾ ಆವಾಸ್ ಕಾಲದಿಂದಲೂ ಇದೆ. ಆದರೆ ದಿನಗೂಲಿಯ ವಿಧವೆ, ವೃದ್ಧ ದಂಪತಿ, ಅಂಗವಿಕಲರಿರುವ ಕುಟುಂಬ ಕೂಲಿ ಬಿಟ್ಟು ಮನೆ ಕಟ್ಟುವುದಾದರೂ ಹೇಗೆ? ಕೊನೆಗೆ ಮನೆಯನ್ನು ಯಾರಿಗೋ ವಹಿಸುತ್ತಾರೆ. ಲಿಂಟಲ್ ಮಟ್ಟಕ್ಕೆ ನಿಂತ ಗೋಡೆಗಳ ಮೇಲೆ ಪಾಚಿ ಬೆಳೆಯುತ್ತದೆ. ಸರ್ಕಾರದ ಬಳಿ ಹಣವಿತ್ತು, ಕುಟುಂಬದ ಬಳಿ ಆಸೆಯಿತ್ತು, ನಡುವೆ ನಾಲ್ಕು ಜೊತೆ ಕೈಗಳಿರಲಿಲ್ಲ. ಸ್ವಯಂಸೇವಕನ ಸ್ಥಾನ ಇಲ್ಲಿ. ಅವನು ಸರ್ಕಾರದ ಬದಲಿಯಲ್ಲ, ಸರ್ಕಾರಕ್ಕೂ ಗೋಡೆಗೂ ನಡುವಿನ ಮುಯ್ಯಾಳು.

ಕೊಡಗಿನಲ್ಲಿ ಈ ಕೈಗಳಿಗೆ ಕೆಲಸದ ಕೊರತೆಯಿಲ್ಲ. ಪ್ರವಾಹ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಕಾಫಿ ತೋಟಗಳ ಲೈನ್‌ಮನೆಗಳು ಬರುವುದಿಲ್ಲ. ತಲೆಮಾರುಗಳಿಂದ ಒಂದೇ ಸಾಲಿನ ಒಂದೊಂದು ಕೋಣೆಯಲ್ಲಿ ಬದುಕುತ್ತಿರುವ ಯರವ, ಜೇನುಕುರುಬ, ಪಣಿಯ ಮತ್ತು ದಲಿತ ಕುಟುಂಬಗಳಿಗೆ ಕೆಲಸ ಹೋದ ದಿನ ಸೂರೂ ಹೋಗುತ್ತದೆ. 2016ರ ಡಿಸೆಂಬರ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಅರಣ್ಯ ಭೂಮಿಯಲ್ಲಿದ್ದ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ತೆರವು ಮಾಡಿದಾಗ ಈ ಪ್ರಶ್ನೆ ನಾಡಿನ ಗಮನ ಸೆಳೆಯಿತು. ಆ ಕುಟುಂಬಗಳಿಗೆ ಮುಂದೆ ಕುಶಾಲನಗರ ಬಳಿಯ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ದಿಡ್ಡಳ್ಳಿ ಕಲಿಸಿದ ಪಾಠ ಸ್ಪಷ್ಟ: ಮನೆಯ ಮೊದಲ ಕಲ್ಲು ಇಟ್ಟಿಗೆಯಲ್ಲ, ಹಕ್ಕುಪತ್ರ. ಹತ್ತು ಸಾವಿರ ಸ್ವಯಂಸೇವಕರು ಬಂದರೂ ಹಕ್ಕುಪತ್ರವನ್ನು ಕೊಡಲಾರರು. ಅದನ್ನು ಕೊಡಬಲ್ಲದ್ದು ಸರ್ಕಾರ ಮಾತ್ರ. ಹಕ್ಕುಪತ್ರವಿಲ್ಲದ ಜಾಗದಲ್ಲಿ ಕಟ್ಟಿದ ಮನೆ, ಸುವಾರ್ತೆಯ ಭಾಷೆಯಲ್ಲಿ, ಮರಳಿನ ಮೇಲಿನ ಮನೆ.

ಆ ದೃಷ್ಟಾಂತಕ್ಕೆ ಕೊಡಗಿನಲ್ಲಿ ಇನ್ನೂ ನೇರವಾದ ಅರ್ಥವಿದೆ. 2018ರ ನಂತರ 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್ಮಲ. ಇಳಿಜಾರನ್ನು ಲಂಬವಾಗಿ ಕಡಿದು ಮಟ್ಟ ಮಾಡಿದ ನಿವೇಶನ, ಮುಚ್ಚಿಹೋದ ನೀರಿನ ದಾರಿ ಇವುಗಳ ಮೇಲೆ ಎಷ್ಟು ಗಟ್ಟಿ ಮನೆ ಕಟ್ಟಿದರೂ ವಿವೇಕವಾಗದು. ದಯೆಗೆ ಭೂವಿಜ್ಞಾನದ ಸಲಹೆಯೂ ಬೇಕು. ಕೆಲವೆಡೆ ಹೊಸ ಮನೆಗಿಂತ ಹಿತ್ತಿಲ ಚರಂಡಿ, ತಡೆಗೋಡೆ, ಸೋರುವ ಮಾಡಿನ ದುರಸ್ತಿ, ಒಂದು ಶೌಚಾಲಯ ಹೆಚ್ಚು ಜೀವ ಉಳಿಸಬಹುದು. ಇಂತಹ ಸಣ್ಣ ಕೆಲಸಗಳಿಗೆ ಗುತ್ತಿಗೆದಾರ ಬರುವುದಿಲ್ಲ. ಸ್ವಯಂಸೇವಕ ಬರಬಲ್ಲ.

ಆದುದರಿಂದ ಒಂದು ಸೂಚನೆಯನ್ನು ಮುಂದಿಡಬಯಸುತ್ತೇನೆ. ಜಿಲ್ಲೆಯಲ್ಲಿ ನಿರ್ಮಿತಿ ಕೇಂದ್ರವಿದೆ. ಪೊನ್ನಂಪೇಟೆ ಮತ್ತು ಕುಶಾಲನಗರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಚರ್ಚುಗಳು, ದೇವಾಲಯ ಸಮಿತಿಗಳು, ಜಮಾಅತ್‌ಗಳು, ಕೊಡವ ಸಮಾಜಗಳು, ಗೌಡ ಸಮಾಜಗಳಿವೆ. ಮಳೆ ಕಳೆದು ನವೆಂಬರ್‌ನಿಂದ ಮೇ ವರೆಗಿನ ಆರೇಳು ತಿಂಗಳು ಕಟ್ಟುವ ಕಾಲ. ಜಿಲ್ಲಾಡಳಿತ ಹಕ್ಕುಪತ್ರ ಮತ್ತು ಸುರಕ್ಷಿತ ನಿವೇಶನವನ್ನು ಖಚಿತಪಡಿಸಲಿ. ನಿರ್ಮಿತಿ ಕೇಂದ್ರ ನಕ್ಷೆ ಮತ್ತು ಮೇಸ್ತ್ರಿಯನ್ನು ಒದಗಿಸಲಿ. ಸರ್ಕಾರದ ಅನುದಾನ ಸಾಲದೆ ಬಂದಾಗ ತುಂಬಲು ಒಂದು ಬಡ್ಡಿರಹಿತ ಆವರ್ತ ನಿಧಿ ಇರಲಿ. ಸಮುದಾಯಗಳು ಸರದಿಯ ಮೇಲೆ ತಮ್ಮವರಲ್ಲದವರ ಮನೆಗೆ ಆಳುಗಳಾಗಿ ಹೋಗಲಿ. ‘ತಮ್ಮವರಲ್ಲದವರ’ ಎಂಬುದೇ ಮುಖ್ಯ. ತಮ್ಮವರ ಮನೆಗೆ ಹೋಗುವುದನ್ನು ಕೊಡಗು ಯಾವತ್ತೂ ಬಲ್ಲದು.

ಇದರಿಂದ ಎಷ್ಟು ಮನೆಗಳಾದಾವು ಎಂದು ಕೇಳಿದರೆ, ವರ್ಷಕ್ಕೆ ಕೆಲವು ಹತ್ತುಗಳಷ್ಟೇ ಎನ್ನಬೇಕಾದೀತು. ಆದರೆ ಮನೆಯ ಜೊತೆಗೆ ಕಟ್ಟಲ್ಪಡುವ ಇನ್ನೊಂದು ವಸ್ತುವಿಗೆ ನಮ್ಮ ಅಂದಾಜುಪಟ್ಟಿಯಲ್ಲಿ ಕಲಮಿಲ್ಲ. ಒಂದು ಮಧ್ಯ��ಹ್ನ ಯರವ ಮಹಿಳೆಯೊಬ್ಬಳ ಪಕ್ಕದಲ್ಲಿ ನಿಂತು ಅವಳ ಮನೆಯ ಗೋಡೆಗೆ ನೀರುಣಿಸಿದ ತೋಟದ ಮಾಲೀಕ, ಮರುದಿನ ತನ್ನ ಲೈನ್‌ಮನೆಗಳನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ. ಕ್ರೈಸ್ತನಿಗೆ ಆ ಬದಲಾದ ಕಣ್ಣಿಗೆ ‘ವಿಶ್ವಾಸ’ ಎಂಬ ಹೆಸರಿದೆ. ಬೇರೆಯವರು ಅದನ್ನು ಕಾಯಕವೆನ್ನಬಹುದು, ಸೇವೆಯೆನ್ನಬಹುದು, ಬರಿಯ ಮನುಷ್ಯತ್ವವೆನ್ನಬಹುದು. ಹೆಸರಿನ ಬಗ್ಗೆ ವಾದ ನಡೆಯುತ್ತಲೇ ಇರಲಿ. ಮುಂದಿನ ಜೂನ್‌ನ ಮಳೆ ಯಾವ ವಾದಕ್ಕೂ ಕಾಯುವುದಿಲ್ಲ. ಅಷ್ಟರೊಳಗೆ ಮಾಡು ಹೊದಿಸಬೇಕಾದ ಗೋಡೆಗಳು ಜಿಲ್ಲೆಯಲ್ಲಿ ಬಹಳಷ್ಟಿವೆ.